ಸೀಲಣ್ಣನ ಬ್ಯಾಕ್‌ಹ್ಯಾಂಡ್

ಸೀಲಣ್ಣನಿಗೆ ಬ್ಯಾಕ್‌ಹ್ಯಾಂಡ್ ಇರಲಿಲ್ಲ.

ಉಳಿದದ್ದೆಲ್ಲ ಒಂದು ಮಟ್ಟಕ್ಕೆ ಇತ್ತು. ಅಂಚೆ ಕಚೇರಿಯ ಹಿಂದಿನ ಕೋಣೆಯ ಟೇಬಲ್ ಟೆನಿಸ್ ಮೇಜಿನ ಮೇಲೆ ಅವನ ಸರ್ವ್ ಬೀಳುತ್ತಿತ್ತು, ಫೋರ್‌ಹ್ಯಾಂಡ್ ನೆಟ್ ದಾಟುತ್ತಿತ್ತು. ಚೆಂಡು ಎಡಕ್ಕೆ ಬಂತೋ, ಕತೆ ಮುಗಿಯಿತು. ಹದಿನೆಂಟು ವರ್ಷದಿಂದ ಅವನು ಕಾಗದಗಳಿಗೆ ಸೀಲು ಹೊಡೆಯುತ್ತಿದ್ದ. ಎಡಗಡೆಯ ಇಂಕ್ ಪ್ಯಾಡಿಗೆ ಒಂದು ಏಟು, ಕಾಗದಕ್ಕೆ ಒಂದು. ಟಪ್, ಟಪ್. ಬ್ಯಾಟು ಹಿಡಿದಾಗಲೂ ಆ ಕೈ ಮೊದಲು ಇಲ್ಲದ ಪ್ಯಾಡಿಗೆ ಹೋಗಿ ಬರುತ್ತಿತ್ತು. ಅಷ್ಟರಲ್ಲಿ ಚೆಂಡು ಗೋಡೆಗೆ ಬಡಿದು, ಹರಿದ ಚೀಲಗಳ ಸಂದಿಯಲ್ಲಿ ಮಲಗಿರುತ್ತಿತ್ತು.

ಇಲಾಖೆಯ ಪಂದ್ಯಾವಳಿಗೆ ನಾಲ್ಕು ಜನರ ತಂಡ ಹೋಗಬೇಕಿತ್ತು. ಮೂವರು ಗಟ್ಟಿ. ನಾಲ್ಕನೆಯ ಜಾಗಕ್ಕೆ ಅಂದು ಸಂಜೆ ಐದೂವರೆಗೆ ಸೀಲಣ್ಣನಿಗೂ ಪಾರ್ಸೆಲ್ ವಿಭಾಗದವನಿಗೂ ಪಂದ್ಯ. ಗೆದ್ದವನಿಗೆ ಮೂರು ದಿನ ಬೇರೆ ಊರು, ರಜೆ ಕಡಿತವಿಲ್ಲ, ಬೆನ್ನ ಮೇಲೆ ಹೆಸರಿರುವ ಅಂಗಿ. ಹದಿನೆಂಟು ವರ್ಷ ಊರೂರಿಗೆ ಕಾಗದ ಕಳಿಸಿದ್ದ ಸೀಲಣ್ಣ ತಾನು ಎಲ್ಲಿಗೂ ಹೋಗಿರಲಿಲ್ಲ.

“ಸೋತು ಬಂದ್ರೆ ಆ ಬ್ಯಾಟು ನನಗೆ ಕೊಡಿ. ಅಡುಗೆಮನೇಲಿ ನೊಣ ಜಾಸ್ತಿಯಾಗಿವೆ,” ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಬೆಳಿಗ್ಗೆ ಸಲಹೆ ಹೊತ್ತು ಮೊದಲು ಬಂದವನು ಹಿರಿಯ ಪೋಸ್ಟ್‌ಮ್ಯಾನ್. ಒಂದು ಕಾಲದ ಚಾಂಪಿಯನ್, ಈಗ ಮಂಡಿನೋವು.

“ನಿನ್ನ ರೋಗ ಆಟದ ಮೇಜಿನ ಹತ್ರ ಇಲ್ಲಪ್ಪಾ, ಇಲ್ಲಿದೆ,” ಎಂದು ಪ್ಯಾಡನ್ನು ತೋರಿಸಿದ. “ದಿನವಿಡೀ ತಪ್ಪು ಅಭ್ಯಾಸ ಮಾಡ್ತೀಯ. ಸಂಜೆ ಅರ್ಧ ಗಂಟೆ ಸರಿ ಅಭ್ಯಾಸ ಮಾಡಿ ಏನು ಬಂತು? ಪ್ಯಾಡು ಬಲಗಡೆ ಇಡು.”

ಇಟ್ಟ. ಕೈಗೆ ದಿಕ್ಕು ತಪ್ಪಿತು. ಹತ್ತೂವರೆಗೆ ಗಿರಾಕಿಯೊಬ್ಬನ ಹೆಬ್ಬೆರಳಿನ ಮೇಲೆ ಊರಿನ ಹೆಸರು, ತಾರೀಖು ಎರಡೂ ಸ್ಪಷ್ಟವಾಗಿ ಬಿದ್ದವು.

“ಚೀಟಿ ಅಂಟಿಸ್ದೆ ಸೀಲು ಹೊಡೀತಾರೇನ್ರೀ?” ಎಂದು ಅವನು ಗದರಿದ.

ಅಂಚೆಚೀಟಿ ಮಾರುವ ಮೇಡಂ ಪಕ್ಕದ ಕಿಟಕಿಯಿಂದ ಕತ್ತು ಚಾಚಿದರು. “ಮಂಡಿ ಬಗ್ಸಿ, ಸೀಲಣ್ಣ. ಟೀವೀಲಿ ಎಲ್ಲರೂ ಬಗ್ಸಿರ್ತಾರೆ.”

ಸೀಲಣ್ಣ ಕುರ್ಚಿ ಸರಿಸಿ, ಮಂಡಿ ಬಗ್ಗಿಸಿ ನಿಂತ. ದೂರದಿಂದ ನೋಡಿದವರಿಗೆ ಕೂರಲೋ ಏಳಲೋ ಎಂದು ಹದಿನೆಂಟು ವರ್ಷದಿಂದ ಯೋಚಿಸುತ್ತಿರುವವನಂತೆ ಕಾಣುತ್ತಿದ್ದ.

“ಉಸಿರು ಬಿಡ್ತಾ ಹೊಡಿ ಗುರುವೇ,” ಎಂದು ಪಾರ್ಸೆಲ್‌ನವನೂ ಉದಾರವಾಗಿ ಹೇಳಿದ. “ಆದ್ರೂ ಹುಟ್ಟುಗುಣ ಸುಟ್ಟರೂ ಹೋಗಲ್ಲ.”

ಬೈಯಲೆಂದೇ ಎದ್ದು ಬಂದ ಪೋಸ್ಟ್‌ಮಾಸ್ಟರ್ ಎರಡು ನಿಮಿಷ ನೋಡಿದರು. ಅವರಿಗೂ ಒಂದು ಸಲಹೆ ಇತ್ತು.

“ಕಣ್ಣು ಕೈ ಮೇಲಿರಬಾರದು ಕಣಯ್ಯಾ. ಎದುರಾಳಿ ಮೇಲಿರಬೇಕು.” ಎದುರಾಳಿಯೆಂದು ಗೋಡೆಯ ಕ್ಯಾಲೆಂಡರ್ ತೋರಿಸಿ, ಒಂದು ದಪ್ಪ ಲಕೋಟೆಯನ್ನು ಕಾಗದದ ಕಟ್ಟಿನೊಳಗೆ ತುರುಕಿದರು. “ಇದು ನಮ್ಮ ತಂಡದ ಪ್ರವೇಶಪತ್ರ. ಕಚೇರಿಗೆ ಒಂದೇ ಫಾರಂ ಕೊಡೋದು. ಹೆಸರು ಆಮೇಲೆ ಕಳಿಸಿದ್ರೂ ನಡೆಯುತ್ತೆ, ಆದ್ರೆ ಇವತ್ತೇ ಕೊನೇ ದಿನ. ಇವತ್ತಿನ ಸೀಲಿಲ್ಲದಿದ್ರೆ ತೆಗೆಯೋದೇ ಇಲ್ಲವಂತೆ. ನಿನ್ನ ಕೈಯಾರೆ ಹೊಡಿ, ಒಳ್ಳೇದಾಗ್ಲಿ.”

ಮಧ್ಯಾಹ್ನ ಎರಡಾದರೂ ಕೈ ಪ್ಯಾಡನ್ನು ಮರೆಯಲಿಲ್ಲ. ಹಿರಿಯ ಪೋಸ್ಟ್‌ಮ್ಯಾನ್ ಬೇಸತ್ತು ಪ್ಯಾಡನ್ನೇ ಡ್ರಾಯರಿಗೆ ಹಾಕಿದ.

“ಒಂದು ಸಲ ಅದ್ದಿದ್ರೆ ನಾಲ್ಕು ಕಾಗದಕ್ಕೆ ಬರುತ್ತೆ. ಆಮೇಲೆ ಮತ್ತೆ ಅದ್ದು. ನಡುವೆ ಕೈ ಎಲ್ಲಿಗೂ ಹೋಗಕೂಡದು. ಒಂದೇ ಏಟು!”

ಸೀಲಣ್ಣ ಅದ್ದಿದ. ಮಂಡಿ ಬಗ್ಗಿಸಿ, ಉಸಿರು ಬಿಟ್ಟು, ಕ್ಯಾಲೆಂಡರನ್ನೇ ದಿಟ್ಟಿಸುತ್ತ ಹೊಡೆದ. ಟಪ್. ಟಪ್. ಮೊದಮೊದಲು ಭುಜ ಎಡಕ್ಕೆ ಎಳೆಯಿತು. ಆಮೇಲೆ ಕೈಗೆ ಒಂದು ಲಯ ಬಂತು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವನ ಕೈ ನೇರವಾಗಿ ಹೋಗಿ ನೇರವಾಗಿ ಬಂತು. ದಪ್ಪ ಲಕೋಟೆ ಬೆರಳಿಗೆ ಸಿಕ್ಕಾಗ ಮಂಡಿಯನ್ನು ಇನ್ನಷ್ಟು ಬಗ್ಗಿಸಿದ. ಆ ದಿನದ ಅತ್ಯುತ್ತಮ ಏಟು ಅದೇ. ನಾಲ್ಕಕ್ಕೆ ಚೀಲ ಕಟ್ಟಿ ಮುಖ್ಯ ಕಚೇರಿಯ ವ್ಯಾನಿಗೆ ಏರಿಸಿದರು.

ಐದೂವರೆಗೆ ಪಾರ್ಸೆಲ್‌ನವನು ಎಂದಿನಂತೆ ಪ್ರತಿ ಚೆಂಡನ್ನೂ ಎಡಕ್ಕೇ ಕಳಿಸಿದ. ಪ್ರತಿ ಚೆಂಡೂ ವಾಪಸು ಬಂತು. ಒಂಬತ್ತು–ಒಂಬತ್ತಾದಾಗ ಅವನು ಬಲಕ್ಕೆ ಕಳಿಸಿ ನೋಡಿದ. ಅಲ್ಲಿ ಸೀಲಣ್ಣನ ಹಳೆಯ ಫೋರ್‌ಹ್ಯಾಂಡ್ ಕಾಯುತ್ತಿತ್ತು. ಹನ್ನೊಂದು–ಒಂಬತ್ತು.

ಹಿರಿಯ ಪೋಸ್ಟ್‌ಮ್ಯಾನ್ ಅವನ ಮಣಿಕಟ್ಟು ಹಿಡಿದು, ನಾಡಿ ನೋಡುವ ವೈದ್ಯನಂತೆ ನಿಂತ. ಮೇಡಂ ಅಂಗಿಯ ಅಳತೆ ಕೇಳಿದರು.

ಆಗ ಪೋಸ್ಟ್‌ಮಾಸ್ಟರ್ ಬಾಗಿಲಿಗೆ ಬಂದರು.

“ಮುಖ್ಯ ಕಚೇರಿಯಿಂದ ಫೋನು. ಮಧ್ಯಾಹ್ನ ಎಷ್ಟು ಸಲ ಅದ್ದಿದೆ?”

“ಒಂದು ಸಲ, ಸಾರ್.”

“ಆಮೇಲೆ?”

ಸೀಲಣ್ಣ ನೆನಪಿಸಿಕೊಂಡ. ಕ್ಯಾಲೆಂಡರ್ ಮಾತ್ರ ನೆನಪಿಗೆ ಬಂತು.

“ನಾಲ್ಕು ಕಾಗದಕ್ಕೆ ಬಿದ್ದಿದೆಯಂತೆ. ಉಳಿದ ಇನ್ನೂರ ಅರವತ್ತೂ ಬೋಳು. ಅವರಿಗೇನೂ ಕೋಪ ಇಲ್ಲ, ಪಾಪ. ಅಲ್ಲೇ ಹೊಡೆದು ಕಳಿಸ್ತಾರಂತೆ. ಆರು ಗಂಟೆ ದಾಟಿದ್ಮೇಲೆ ಅಲ್ಲಿ ಸೀಲಿಗೆ ನಾಳೆ ತಾರೀಖು ತಿರುಗಿಸಿರ್ತಾರೆ, ಅಷ್ಟೆ.”

ಎಲ್ಲರೂ ಗಡಿಯಾರ ನೋಡಿದರು. ಆರು ಹತ್ತು.

“ಸಾರ್, ಆ ದಪ್ಪ ಲಕೋಟೆ…”

“ನಾಲ್ಕರಲ್ಲಿ ಅದಿಲ್ಲ. ಕೇಳಿದೆ.”

ಮರುದಿನ ಪೋಸ್ಟ್‌ಮಾಸ್ಟರ್ ಪ್ಯಾಡನ್ನು ಮೇಜಿನ ಎಡಕ್ಕೆ ಇಡಿಸಿ ಮೊಳೆ ಹೊಡೆಸಿದರು. ಶನಿವಾರದ ಹೊತ್ತಿಗೆ ಸೀಲಣ್ಣನ ಕೈ ಮತ್ತೆ ಅಲ್ಲಿಗೆ ಹೋಗಿ ಬರತೊಡಗಿತು. ಗೆದ್ದಿದ್ದರೂ ಬ್ಯಾಟನ್ನು ಅವನೇ ಹೆಂಡತಿಗೆ ಒಪ್ಪಿಸಿದ.

ಒಟ್ಟು ಹೋದದ್ದು: ಇನ್ನೂರ ಅರವತ್ತು ಕಾಗದಗಳಿಗೆ ಒಂದೊಂದು ದಿನ, ನಾಲ್ಕು ಜನರಿಗೆ ಮೂರು ದಿನದ ಪ್ರಯಾಣ, ಸೀಲಣ್ಣನಿಗೆ ಒಂದು ಬ್ಯಾಕ್‌ಹ್ಯಾಂಡ್. ನೊಣಗಳು, ಭಾನುವಾರ ರಾತ್ರಿಯವರೆಗೆ, ಹದಿನಾಲ್ಕು.