ಆ್ಯಪಿನಲ್ಲಿ ಬರೆದ ರಜೆ

ಯಶವಂತನ ಆ ದಿನದ ಗ್ರಹಚಾರ ಶುರುವಾದದ್ದು ಮ್ಯಾನೇಜರ್ ನಿಝಾಮುದ್ದೀನರಿಗೆ ಬೆಳ್ಳಂಬೆಳಿಗ್ಗೆ ಬಂದ ಒಂದು ಒಳ್ಳೆಯ ಯೋಚನೆಯಿಂದ. ಮ್ಯಾನೇಜರುಗಳಿಗೆ ಕೆಟ್ಟ ಯೋಚನೆ ಬಂದರೆ ಹೇಗಾದರೂ ತಪ್ಪಿಸಿಕೊಳ್ಳಬಹುದು. ಒಳ್ಳೆಯ ಯೋಚನೆ ಬಂದರೆ ಕೆಳಗಿನವರಿಗೆ ಉಳಿಗಾಲವಿಲ್ಲ.

ಗಲ್ಫಿನ ಮನಾಮಾ ಪಟ್ಟಣದ ಆ ಎ.ಸಿ. ರಿಪೇರಿ ಕಂಪನಿಯಲ್ಲಿ ಯಾರ ಮನೆಯ ಎ.ಸಿ. ಕೆಟ್ಟಿದೆ, ಯಾವ ಮೆಕ್ಯಾನಿಕ್ ಹೋಗಬೇಕು ಎಂದು ಫೋನಿನಲ್ಲಿ ಹೇಳುವುದು ಯಶವಂತ ಮತ್ತು ಕೀತ್ ಎಂಬ ಒಂದೇ ಊರ ಕಡೆಯ ಇಬ್ಬರ ಕೆಲಸ. ಹೋದವರು ನಿಜವಾಗಿ ಹೋದರೋ, ಎಲ್ಲಾದರೂ ಚಹಾ ಕುಡಿಯುತ್ತ ಕುಳಿತರೋ ದೇವರೇ ಬಲ್ಲ. ಈ ರೋಗಕ್ಕೆ ಮದ್ದೆಂದು ನಿಝಾಮುದ್ದೀನ್ ಮೊಬೈಲಿನ ಒಂದು ಆ್ಯಪನ್ನು ಹುಡುಕಿ ತಂದಿದ್ದರು. ಮಾಡಬೇಕಾದ ಕೆಲಸವನ್ನೆಲ್ಲ ಅದರಲ್ಲಿ ಬರೆಯುವುದು, ಮಾಡಿ ಮುಗಿಸಿದ ಮೇಲೆ ಗುರುತು ಹಾಕುವುದು. ಅಷ್ಟು ಮಾಡಿದರೆ ಮನುಷ್ಯ ಉದ್ಧಾರವಾಗುತ್ತಾನೆ ಎಂದು ಆ್ಯಪ್ ಮಾಡಿದವರೇ ಹೇಳಿದ್ದರು.

"ಯಶವಂತ್, ಇವತ್ತೊಂದು ದಿನ ನೀವು ಇದರಲ್ಲೇ ಬದುಕಿ ನೋಡಿ," ಎಂದರು ನಿಝಾಮುದ್ದೀನ್. "ಮನೆದು, ಆಫೀಸಿಂದು, ಎಲ್ಲ ಹಾಕಿ. ನನ್ನನ್ನೂ ಸೇರಿಸಿ, ಪರಿಚಯದವರು ಒಂದಿಬ್ಬರನ್ನೂ ಸೇರಿಸಿ. ನಾಲ್ಕು ಜನ ನೋಡುವಾಗ ಕೆಲಸ ಹೇಗೆ ಆಗ್ತದೆ ಅಂತ ಗೊತ್ತಾಗ್ಬೇಕಲ್ಲ. ಸಂಜೆ ರಿಪೋರ್ಟ್ ಕೊಡಿ."

"ಸಾರ್, ನನ್ನ ರಜೆಯದ್ದು?"

"ಅದನ್ನೂ ಸಂಜೆಯೇ ಹೇಳ್ತೇನೆ. ನೀವೂ ಕೀತೂ ಇಬ್ಬರೂ ರಜೆ ಕೇಳಿದ್ದೀರಿ. ಇಬ್ಬರೂ ಹೋದರೆ ಇಲ್ಲಿ ಫೋನ್ ಎತ್ಲಿಕ್ಕೆ ನಾನಾ? ಒಬ್ಬರಿಗೆ ಮಾತ್ರ ಸಹಿ. ನಿಮಗೆ ಚಿಕ್ಕ ಮಗು ಉಂಟಲ್ಲ, ನೋಡುವಾ."

ಯಶವಂತನಿಗೆ ಆ 'ನೋಡುವಾ' ಎಂಬುದೇ ಸಹಿಯಂತೆ ಕೇಳಿತು. ಮಗಳು ಹುಟ್ಟಿದ ಮೇಲೆ ಅವನು ಅವಳನ್ನು ಮೊಬೈಲಿನ ಗಾಜಿನೊಳಗೆ ಮಾತ್ರ ಕಂಡಿದ್ದ. ಅವಳು ಮೊದಲ ಸಲ ಕವುಚಿ ಬಿದ್ದದ್ದನ್ನೂ ಅದರಲ್ಲೇ ನೋಡಿ, ಆಫೀಸಿನ ಪ್ಯಾಂಟ್ರಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದ. ಈ ಸಲ ಹೆಂಡತಿ ನವ್ಯಶ್ರೀಗೂ ಹೇಳದೆ ಹೋಗಿ ಬಾಗಿಲು ತಟ್ಟುವುದೆಂದು ಅವನ ಲೆಕ್ಕಾಚಾರ. ಮಗಳಿಗೆಂದು ಕೊಂಡ ತಳ್ಳುಗಾಡಿ, ಫ್ರಾಕುಗಳು, ಗಿಲಕಿಗಳು ಗುಫೂಲ್ ಬಡಾವಣೆಯ ಅವನ ಕೋಣೆಯ ಮಂಚದ ಕೆಳಗೆ ಕಳ್ಳಮಾಲಿನಂತೆ ಅಡಗಿದ್ದವು.

ಅಡಗಿಸಲೇಬೇಕಿತ್ತು. ಗಲ್ಫಿನಲ್ಲಿ ಊರಿಗೆ ಹೊರಟವನ ಬ್ಯಾಗು ಅವನದಲ್ಲ, ಅದು ಸಮಾಜದ ಆಸ್ತಿ. ಸುದ್ದಿ ಗೊತ್ತಾದರೆ ಸಾಕು, ಮುಖ ನೋಡದವನೂ 'ಸಣ್ಣದೊಂದು ಪೊಟ್ಟಣ' ಹಿಡಿದು ಬರುತ್ತಾನೆ. ಆದ್ದರಿಂದ ಜಾಣರು ವಿಮಾನ ಹತ್ತಿದ ಮೇಲೆಯೇ ಊರಿಗೆ ಹೊರಟ ಸುದ್ದಿ ಹೇಳುವುದು.

ಯಶವಂತನೂ ಜಾಣನೇ. ಆ್ಯಪಿನಲ್ಲಿ 'ಸಂತೆ' ಎಂಬ ಒಂದು ಪಟ್ಟಿ ಮಾಡಿ ಉಪ್ಪು, ಸಾಬೂನು ಬರೆದ. 'ಸ್ವಂತ' ಎಂಬ ಇನ್ನೊಂದು ಪಟ್ಟಿಯಲ್ಲಿ 'ನಾಡಿದ್ದು ಊರಿಗೆ ಹೋಗುವುದು, ಯಾರಿಗೂ ಹೇಳಬಾರದು' ಎಂದು ಬರೆದ. ಸಂತೆಯ ಪಟ್ಟಿಯನ್ನಷ್ಟೇ ನಿಝಾಮುದ್ದೀನರಿಗೂ, ಕೆಳಗಿನ ಮನೆಯ ಕುಸುಮಾವತಿಯಕ್ಕನಿಗೂ, ಹಮದ್ ಟೌನಿನ ಮುಂಡಪ್ಪಣ್ಣನಿಗೂ ಹಂಚಿದ. ಹಾಗೆಂದು ಅವನು ತಿಳಿದಿದ್ದ. ಆ್ಯಪ್ ಮಾತ್ರ ಭೇದಭಾವವಿಲ್ಲದೆ ಎರಡೂ ಪಟ್ಟಿಗಳನ್ನು ಎಲ್ಲರಿಗೂ ಹಂಚಿತ್ತು.

ಮೊದಲ ಫೋನು ಕುಸುಮಾವತಿಯಕ್ಕನದು.

"ಎಂತ ಯಶವಂತಾ, ಊರಿಗೆ ಹೋಗ್ಲಿಕ್ಕುಂಟು ಅಂತ ನಮ್ಮತ್ರ ಒಂದು ಮಾತು ಹೇಳ್ಲಿಲ್ಲ? ನಾವು ಹೊರಗಿನವರಾ?"

"ಇಲ್ಲಕ್ಕ, ಅದು ಇನ್ನೂ..."

"ಇರ್ಲಿ ಬಿಡು, ಯಾರಿಗೂ ಹೇಳಬಾರದು ಅಂತ ಬರ್ದಿದ್ದಿ, ನಾನು ಯಾರಿಗೂ ಹೇಳ್ಲಿಲ್ಲ. ನಮ್ಮ ಬಿಲ್ಡಿಂಗಿನವರಿಗೆ ಮಾತ್ರ ಹೇಳಿದ್ದು."

ಯಶವಂತ ಆ್ಯಪ್ ತೆರೆದು ನೋಡಿದ. ಅವನ ಸ್ವಂತ ಪಟ್ಟಿ ಮದುವೆ ಮನೆಯ ಜೀನಸಿನ ಚೀಟಿಯಂತೆ ಉದ್ದವಾಗಿತ್ತು. ಕುಸುಮಾವತಿಯಕ್ಕನ ಅತ್ತೆಗೆ ಹಾಲಿನ ಪುಡಿ, ಬಾದಾಮಿ, ನೋವಿನ ಮುಲಾಮು. ಮುಂಡಪ್ಪಣ್ಣನ ಭಾವನಿಗೆ ಡ್ರಿಲ್ಲಿಂಗ್ ಮೆಶಿನ್. ಒಂದೊಂದು ಕೆಲಸ ಸೇರಿದಾಗಲೂ ಆ್ಯಪ್ 'ಟಿಣ್' ಎಂದು ಹುರಿದುಂಬಿಸುತ್ತಿತ್ತು. ಅಳಿಸಲು ಹೋದರೆ, ಬರೆದವರು ಮಾತ್ರ ಅಳಿಸಬಹುದು ಎಂದು ವಿನಯದಿಂದ ತಿಳಿಸಿತು.

ಮಧ್ಯಾಹ್ನ ಊಟಕ್ಕೆಂದು ಕೋಣೆಗೆ ಹೋದರೆ ಬಾಗಿಲು ತೆರೆಯಲು ಜಾಗವಿರಲಿಲ್ಲ. ಬಾಗಿಲ ಮುಂದೆ ಬಿದ್ದಿದ್ದ ಪೊಟ್ಟಣಗಳ ರಾಶಿಯ ಪಕ್ಕದಲ್ಲಿ ಮುಂಡಪ್ಪಣ್ಣ ಬೆವರೊರೆಸುತ್ತ ನಿಂತಿದ್ದ. ಹಮದ್ ಟೌನಿನಿಂದ ಕಾರು ಓಡಿಸಿಕೊಂಡು ಬಂದಿದ್ದ.

"ಮುಂಡಪ್ಪಣ್ಣ, ಇದು ಭಾರ ಆಗ್ತದೆ. ನನ್ನ ಮಗಳ ತಳ್ಳುಗಾಡಿ ಉಂಟು."

"ಐದು ತಿಂಗಳ ಮಗು ಗಾಡಿಯಲ್ಲಿ ಎಲ್ಲಿಗೆ ಹೋಗ್ಲಿಕ್ಕುಂಟು ಮಾರಾಯ? ಎತ್ತಿಕೊಳ್ಳಲಿಕ್ಕೆ ಅಜ್ಜಿ ಇಲ್ವಾ? ಭಾವ ಈ ಮೆಶಿನಿಗೆ ಎರಡು ವರ್ಷದಿಂದ ಕಾಯ್ತಾ ಇದ್ದಾನೆ."

ಯಶವಂತನಿಗೆ ರೇಗಿತು. ಆದರೆ ಮುಂಡಪ್ಪಣ್ಣನೇ ಅವನಿಗೆ ವೀಸಾ ಮಾಡಿಸಿಕೊಟ್ಟವನು, ಕುಸುಮಾವತಿಯಕ್ಕ ಜ್ವರ ಬಂದಾಗ ಗಂಜಿ ಕೊಟ್ಟವಳು. ಇಲ್ಲಿ ಉಪಕಾರಗಳೆಲ್ಲ ಹೀಗೆ ಪೊಟ್ಟಣದ ರೂಪದಲ್ಲಿ ಹಿಂದಿರುಗಿ ಬರುತ್ತವೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಬಾಯಿ ಬರದವರಿಗಾಗಿಯೇ ದೇವರು ಬೆರಳು ಕೊಟ್ಟಿದ್ದಾನೆ. ಆಫೀಸಿಗೆ ಮರಳಿದವನೇ ಸ್ವಂತ ಪಟ್ಟಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: 'ರಜೆ ರದ್ದು. ಊರಿಗೆ ಹೋಗುವುದಿಲ್ಲ.'

ಇಷ್ಟು ಚಂದದ ಉಪಾಯ ತನಗೆ ಹೊಳೆಯಿತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಪಟ್ಟಿ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿತು. ಹಾಲಿನ ಪುಡಿ ಹೋಯಿತು, ಬಾದಾಮಿ ಹೋಯಿತು, ಡ್ರಿಲ್ಲಿಂಗ್ ಮೆಶಿನ್ನೂ ಹೋಯಿತು. ಕುಸುಮಾವತಿಯಕ್ಕ ಫೋನು ಮಾಡಿ, "ಪಾಪ ನೀನು, ಎಂಥಾ ಕಂಪನಿ ಅದು," ಎಂದು ಮರುಗಿ, ಪೊಟ್ಟಣವನ್ನು ತಾನೇ ಬಂದು ಒಯ್ಯುವುದಾಗಿ ಹೇಳಿದಳು. ಸಂಜೆಯವರೆಗೆ ಯಶವಂತ ಸೀಟಿ ಹೊಡೆಯುತ್ತ ಕೆಲಸ ಮಾಡಿದ.

ಸಂಜೆ ನಿಝಾಮುದ್ದೀನರ ಕೋಣೆಗೆ ಹೋದಾಗ ಅವರು ಎದ್ದು ನಿಂತು ಕೈ ಕುಲುಕಿದರು. ಮ್ಯಾನೇಜರು ಎದ್ದು ನಿಂತದ್ದನ್ನು ಕಂಡೇ ಅವನಿಗೆ ಹೆದರಿಕೆಯಾಗಬೇಕಿತ್ತು.

"ಯಶವಂತ್, ನೀವು ದೊಡ್ಡ ಮನುಷ್ಯ. ಯಾರಿಗೆ ರಜೆ ಕೊಡುವುದು ಅಂತ ನನಗೆ ಎರಡು ವಾರದಿಂದ ತಲೆನೋವು. ನೀವೇ ಬಿಟ್ಟುಕೊಟ್ರಿ. ಆ್ಯಪಿನಲ್ಲಿ ನೋಡಿದ ಕೂಡಲೇ ಕೀತ್‌ಗೆ ಸಹಿ ಹಾಕಿದೆ. ಟಿಕೆಟೂ ಆಯ್ತು. ಕೀತ್ ಹೋಗುವುದನ್ನೂ ನಿಮ್ಮ ಪಟ್ಟಿಯಲ್ಲೇ ಬರ್ದು ಹಾಕಿದ್ದೇನೆ."

ಆ್ಯಪಿಗೆ ನಿಝಾಮುದ್ದೀನರನ್ನೂ ಸೇರಿಸಿದ್ದು ಯಶವಂತನಿಗೆ ನೆನಪಾದದ್ದು ಆಗ. ಕೈಯಾರೆ ಕಾಲಿನ ಮೇಲೆ ಚಪ್ಪಡಿ ಎಳೆದುಕೊಂಡಿದ್ದ.

"ಸಾರ್, ಅದು ನಾನು ಸುಮ್ಮನೆ... ಬೇರೆಯವರಿಗೋಸ್ಕರ ಬರ್ದದ್ದು."

"ಅದೇ ಹೇಳಿದ್ದು ನಾನು. ಬೇರೆಯವರಿಗೋಸ್ಕರ ಈ ಕಾಲದಲ್ಲಿ ಯಾರು ಬಿಟ್ಟುಕೊಡ್ತಾರೆ?"

ಮೆಟ್ಟಿಲು ಇಳಿಯುವಾಗ ಯಶವಂತ ಮೊಬೈಲು ತೆಗೆದ. ತಾನಂತೂ ಹೋಗುವುದಿಲ್ಲ, ಮಗಳ ಗಾಡಿಯಾದರೂ ಹೋಗಲಿ ಎಂದು ಕೀತ್‌ಗೆ ಫೋನು ಮಾಡಿದ.

"ಕೀತ್, ಒಂದು ಸಣ್ಣ ತಳ್ಳುಗಾಡಿ ಉಂಟು, ಮಡಚಿದರೆ ಏನೂ ಜಾಗ ಬೇಡ..."

"ಅಯ್ಯೋ ಮಾರಾಯ, ಬ್ಯಾಗಿನಲ್ಲಿ ನನ್ನ ಬಟ್ಟೆಗೇ ಜಾಗ ಇಲ್ಲ. ಯಾರೋ ಕುಸುಮಾವತಿಯಕ್ಕ ಅಂತೆ, ನನಗೆ ಪರಿಚಯವೇ ಇಲ್ಲ, ಹಾಲಿನ ಪುಡಿ ತಂದಿಟ್ಟು ಹೋದ್ರು. ಇನ್ನೊಬ್ಬರು ಡ್ರಿಲ್ಲಿಂಗ್ ಮೆಶಿನ್ ತಂದಿದ್ದಾರೆ." ಕೀತ್ ಮುಂದುವರಿದು ಕೇಳಿದ, "ಹೇಗೂ ನೀನು ಇಲ್ಲೇ ಇರ್ತೀಯಲ್ಲ, ನಾಡಿದ್ದು ಬೆಳಿಗ್ಗೆ ನನ್ನನ್ನು ಏರ್‌ಪೋರ್ಟಿಗೆ ಬಿಡ್ತೀಯಾ? ಇಷ್ಟು ಭಾರ ನನ್ನೊಬ್ಬನಿಂದ ಎತ್ಲಿಕ್ಕೆ ಆಗುವುದಿಲ್ಲ."

ಯಶವಂತ ಆಗಲಿ ಎಂದ. ಆಮೇಲೆ ಮೆಟ್ಟಿಲ ಮೇಲೆಯೇ ಕುಳಿತು, ನಿಝಾಮುದ್ದೀನರು ಕೇಳಿದ್ದ ರಿಪೋರ್ಟನ್ನು ಒಂದೇ ಸಾಲಿನಲ್ಲಿ ಬರೆದು ಕಳಿಸಿದ: 'ಆ್ಯಪ್ ಬಹಳ ಒಳ್ಳೆಯದು ಸಾರ್, ಇದರಲ್ಲಿ ಬರೆದದ್ದು ಆಗದೆ ಉಳಿಯುವುದಿಲ್ಲ.'