ಬೆಟ್ಟದ ಕಿವಿ, ಬೆಟ್ಟದ ಬಾಯಿ

ನನ್ನ ಭಾಮೈದನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಶೆಟ್ಟಿಕೆರೆ ಕಡೆಯವರೆಲ್ಲ ಹೇಳುವಾಗ ನಾನೊಬ್ಬ ಯಾಕೆ ಬಾಯಿ ನೋಯಿಸಿಕೊಳ್ಳಲಿ! ಅಕ್ಕನನ್ನು ನೋಡಿಕೊಂಡು ಹೋಗುತ್ತೇನೆಂದು ಬಂದ ಪುಣ್ಯಾತ್ಮ, ಇಪ್ಪತ್ತು ವರ್ಷವಾದರೂ ನೋಡಿ ಮುಗಿಸಿರಲಿಲ್ಲ. ಮದುವೆ ಬೇಡವೆಂದ, ಮನೆಯಲ್ಲೇ ಕೂತು ಊರೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಬೇಕೆಂದ. ಅದರ ಲೈಸೆನ್ಸಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ನೇತುಹಾಕಿದ್ದ. ನನ್ನವಳು ಮರೆತು ಅದಕ್ಕೂ ಕುಂಕುಮ ಇಟ್ಟುಬಿಡುತ್ತಿದ್ದಳು!

ಆಂಟೆನಾ ಕಟ್ಟಿದ್ದು ತೋಟದ ಅತಿ ಎತ್ತರದ ತೆಂಗಿನ ಮರಕ್ಕೆ. ಕಾಯಿ ಕೀಳುವವನು ಕೆಳಗಿನಿಂದಲೇ ಕೈಮುಗಿದ: “ಯಜಮಾನ್ರೇ, ಆ ಮರಕ್ಕೆ ಕರೆಂಟ್ ಕೊಟ್ಟವ್ರೆ, ನಾ ಹತ್ತಾಕಿಲ್ಲ.” ಕಾಯಿ ತಾನಾಗಿ ಬೀಳುವವರೆಗೂ ಕಾದೆವು. ಮೊದಲನೆಯದು ಬಿದ್ದದ್ದು ಭಾಮೈದನ ಸೈಕಲ್ಲಿನ ಮೇಲೆ. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು!

“ಇಷ್ಟು ಸಣ್ಣ ಪೆಟ್ಟಿಗೆ ಮಾತು ತಿಪಟೂರಿಗೆ ಹೆಂಗೋಯ್ತದಯ್ಯ?” ಎಂದು ಒಮ್ಮೆ ಕೇಳಿದೆ.

“ಬೆಟ್ಟದ ಮೇಲೆ ರಿಪೀಟರ್ ಐತೆ ಭಾವ. ಒಂದು ಫ್ರೀಕ್ವೆನ್ಸೀಲಿ ಕೇಳಿಸ್ಕೊಂಡು, ಇನ್ನೊಂದ್ರಲ್ಲಿ ಜೋರಾಗಿ ಹೇಳ್ತದೆ.”

“ಒಂದ್ರಲ್ಲೇ ಆಗಾಕಿಲ್ವಾ?”

“ಅದ್ರ ಕೂಗು ಅದ್ರ ಕಿವೀಗೇ ಬಡಿದ್ರೆ ನಮ್ಮಾತು ಎಲ್ಲಿ ಕೇಳ್ತದೆ? ಅಟ್ಟದ ಮೇಲೆ ನಮ್ಮಕ್ಕ ಇಲ್ವಾ, ಹಂಗೆ ಅಂದ್ಕೊಳಿ.”

ನಿಜವೇ. ಅಡುಗೆಮನೆಯಿಂದ ನಮ್ಮವ್ವ “ಮುದ್ದೆ ಆಯ್ತು” ಎಂದರೆ, ಅಟ್ಟದಲ್ಲಿ ಕೊಬ್ಬರಿ ನೋಡುವ ನನ್ನವಳು ಏಣಿಯ ಕಂಡಿಯಲ್ಲಿ ಕೇಳಿಸಿಕೊಂಡು, ಆಚೆಯ ಕಿಟಕಿಯಿಂದ ತೋಟಕ್ಕೆ ಒದರುತ್ತಾಳೆ. ಹೇಳುವವರು ಕಂಡಿ ಕೆಳಗಿರಬೇಕು, ಕೇಳುವವರು ಕಿಟಕಿ ಕಡೆಗಿರಬೇಕು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೂ ಅರ್ಥವಾಯಿತು. ಅವತ್ತು ಹೆಂಡತಿಯನ್ನು ರಿಪೀಟರ್ ಎಂದು ಕರೆದು ಮುದ್ದೆ ಕಳೆದುಕೊಂಡೆ, ಅದು ಬೇರೆ ಮಾತು!

ಆಮೇಲೆ ಮಗಳ ಚೊಚ್ಚಲ ಹೆರಿಗೆ ಬಂತು. ನನ್ನವಳು ತಿಪಟೂರಿನ ಆಸ್ಪತ್ರೆಯಲ್ಲಿ ಅವಳ ಜೊತೆ. ನಾನು ದನಕರು ಬಿಟ್ಟು ಹೋಗುವಂತಿಲ್ಲ. ಊರಿನ ಫೋನು ಸತ್ತು ಮೂರು ದಿನ. ‘ಕಷ್ಟ ಇದೆ’ ಎಂದು ಡಾಕ್ಟರು ಹೇಳಿದರಂತೆ ಎಂಬಷ್ಟು ಸುದ್ದಿ ಬೆಳಗಿನ ಬಸ್ಸಿನಲ್ಲಿ ಬಂದಿತ್ತು. ಭಾಮೈದನ ರೇಡಿಯೋ ಗೆಳೆಯ ಆಸ್ಪತ್ರೆ ಬಾಗಿಲಿನಿಂದ ಮಧ್ಯಾಹ್ನ ಹನ್ನೆರಡಕ್ಕೆ ಮಾತಾಡುವುದೆಂದು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿದ್ದರು.

ಹನ್ನೆರಡಾಯಿತು. ಒಂದಾಯಿತು. ಪೆಟ್ಟಿಗೆ ಉಸಿರೆತ್ತಲಿಲ್ಲ. ಭಾಮೈದ ಅದಕ್ಕೆ ಕಿವಿಯಿಟ್ಟು ಕೂತಿದ್ದ.

“ಯಾವ ಕಡೆ ಇಟ್ಟಿದ್ದೀಯೋ?”

“ಇನ್‌ಪುಟ್ಟು... ಬೆಟ್ಟದ ಕಿವಿ ಕಡೆ... ನೆನ್ನೆ ಟೆಸ್ಟ್ ಮಾಡಕೆ...”

“ಥೂ ನಿನ್ನ! ಕಂಡಿ ಕೆಳಗೆ ಕುಂತು ಕಿಟಕಿ ಕೂಗು ಕೇಳ್ತೀನಿ ಅಂತೀಯಲ್ಲೋ! ಬೆಟ್ಟದ ಬಾಯಿ ಕಡೆ ಹೋಗ್ಲಾ!”

ತಿರುಗಿಸಿದ. “...ಹತ್ತನೇ ಸಲ ಹೇಳ್ತಿದ್ದೀನಿ ಕಣ್ರೀ! ಹೆಣ್ಣುಮಗು! ತಾಯಿ ಮಗು ಆರಾಮು! ಓವರ್!”

ನಾನು ಕುಣಿದೆ. ಕೊಟ್ಟಿಗೆಗೆ ಓಡಿ ಎಮ್ಮೆಗೂ ಹೇಳಿ ಬಂದೆ! ನೋಡಿದರೆ, ಬಾಯಿ ಮುಚ್ಚಿ ಗೊತ್ತಿಲ್ಲದ ಭಾಮೈದ, ನನ್ನ ಮಗಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಮೈಕಿನ ಗುಂಡಿ ಒತ್ತಿಕೊಂಡೇ ಬಿಕ್ಕಿಬಿಕ್ಕಿ ಅಳುತ್ತಿದ್ದ. ಬೆಟ್ಟ ಅದನ್ನೂ ಊರೂರಿಗೆ ಹೇಳುತ್ತಿತ್ತು.

ಗುಂಡಿ ಬಿಟ್ಟೊಡನೆ ಹುಳಿಯಾರಿನ ಯಾರೋ ಗಾಬರಿಯಿಂದ ಕೇಳಿದರು: “ಯಾರ್ರೀ ಅದು ಅಳ್ತಿರೋದು?”

ಮೈಕು ನಾನು ತೆಗೆದುಕೊಂಡೆ.

“ಮಗೂನ ತಾತ ಕಣಪ್ಪ,” ಎಂದೆ. “ಓವರ್.”