ಹಸಿದ ತಾಕು

ಗೊಬ್ಬರ ಹಾಕಿದ ಜೋಳ ಭುಜದವರೆಗೆ ಬಂದಿತ್ತು. ಏನೂ ಹಾಕದ ಜೋಳ ತಲೆ ಮೀರಿತ್ತು! ಬೆಳಗ್ಗೆ ಟೇಪು ಹಿಡಿದು ಬಂದ ಅಳತೆಯಮ್ಮ ಬದುವಿನ ಮೇಲೆ ಹಾಗೇ ಕುಸಿದು ಕೂತಳು.

ಅವಳು ಕೃಷಿ ಕೇಂದ್ರದ ಬೆಳೆ ತಜ್ಞೆ. ಕಂಡಿದ್ದನ್ನೆಲ್ಲ ಅಳೆಯುವವಳಾದ್ದರಿಂದ ಆ ಹೆಸರು. ಹೊಸ ಗೊಬ್ಬರದ ಗುಣ ತಿಳಿಯಲು ಪಕ್ಕದಲ್ಲೇ ಒಂದು ತಾಕನ್ನು ಹೋಲಿಕೆಗೆಂದು ಬರಿಹೊಟ್ಟೆಯಲ್ಲಿ ಬೆಳೆಸಬೇಕು. ಯಾವುದು ಯಾವುದೆಂದು ಎರಡಕ್ಕೂ ಬೋರ್ಡು ನೆಟ್ಟಿದ್ದಳು. ಆ ಬರಿಹೊಟ್ಟೆಯ ತಾಕೇ ಈಗ ಅಜ್ಜಿ ಮನೆಯಿಂದ ವಾಪಸು ಬಂದ ಮೊಮ್ಮಗನ ಹಾಗೆ ಮೈತುಂಬಿಕೊಂಡು ನಿಂತಿತ್ತು. ಮಧ್ಯಾಹ್ನ ನಿರ್ದೇಶಕರು ಬರುವವರಿದ್ದರು. ಅವರು ಮೆಚ್ಚಿದರೆ ದೊಡ್ಡ ಹೊಲವೇ ಅವಳ ಕೈಗೆ.

"ಯಾರು ಗೊಬ್ಬರ ಹಾಕಿದ್ದು? ಹೇಳೋವರೆಗೂ ಬಿಡಲ್ಲ" ಎಂದು ಕಾವಲುಗಾರನನ್ನು ಹಿಡಿದಳು.

"ಒಂದೇ ಒಂದು ಬೊಗಸೆ ಯೂರಿಯಾ, ಮೇಡಂ. ಅಣ್ಣ ಗಬಗಬ ತಿಂತಿರೋವಾಗ ತಮ್ಮ ಬಾಯಿ ಬಿಟ್ಕೊಂಡು ನಿಂತಿದ್ರೆ ನೋಡೋಕಾಗುತ್ತಾ?"

ಒಂದು ಬೊಗಸೆಗೆ ಇಷ್ಟು ಬೆಳೆಯುತ್ತದೆಯೇ? ಅವಳು ಟ್ರ್ಯಾಕ್ಟರ್ ಡ್ರೈವರನ ಬಳಿಗೆ ನಡೆದಳು. ಅವಳ ಮುಖ ನೋಡಿದ್ದೇ ಅವನು ಇಂಜಿನ್ನಿನ ಕೆಳಗೆ ತೂರಿಕೊಂಡ. ಅಲ್ಲಿಂದಲೇ ದನಿ ಬಂತು: "ಟ್ರೈಲರಲ್ಲಿ ಸ್ವಲ್ಪ ಸಗಣಿಗೊಬ್ಬರ ಮಿಕ್ಕಿತ್ತು ಮೇಡಂ..."

ಬೇಲಿಯಾಚೆಯ ಮನೆಯ ಚಿಕ್ಕಮ್ಮನನ್ನು ಯಾರೂ ಕೇಳಿರಲಿಲ್ಲ. ಆಕೆ ತಾವೇ ಒಪ್ಪಿಕೊಂಡರು. "ಮೀನು ತೊಳೆದ ನೀರು ದಿನಾ ಹಾಕ್ತಿರೋದು ನಾನೇ. ಎರಡು ಮಕ್ಕಳಲ್ಲಿ ಒಂದನ್ನ ಉಪವಾಸ ಕೆಡವೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತೇ?"

ಡ್ರೈವರ್ ತಲೆ ಹೊರಗೆ ಹಾಕಿದ. "ಬೋರ್ಡು ಅದಲುಬದಲು ಮಾಡಿಬಿಡಿ ಮೇಡಂ. ಯಾರಿಗೆ ಗೊತ್ತಾಗುತ್ತೆ?"

"ಕೆಲಸ ಹೋದ್ರೂ ಸರಿ, ಸುಳ್ಳು ಅಳತೆ ಬರೆಯಲ್ಲ!"

ನಿರ್ದೇಶಕರು ಕಾರಿಳಿಯುತ್ತಿದ್ದಂತೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಹೋದ ಸಲ ನಾನು ಬಂದಾಗ ನೀನು ಊಟಕ್ಕೆ ಹೋಗಿದ್ದೆ. ಪಾಪ, ಎಲೆಯೆಲ್ಲ ಹಳದಿ ತಿರುಗಿತ್ತು. ಕಾರಲ್ಲಿದ್ದ ಅರ್ಧ ಚೀಲ ಗೊಬ್ಬರ ನಾನೇ ಸುರಿದುಬಿಟ್ಟೆ ಕಣಮ್ಮ."

ಕಾವಲುಗಾರ ಆಕಾಶ ನೋಡಿದ. ಅಳತೆಯಮ್ಮ ಹಲ್ಲು ಕಚ್ಚಿ ಸೆರಗು ಬಿಗಿದಳು.

"ಸರ್, ಇನ್ನೊಂದು ಹಂಗಾಮು ಕೊಡಿ, ಮೊದಲಿಂದ ಬಿತ್ತುತ್ತೀನಿ. ಈ ಸಲ ಬೋರ್ಡೇ ಇರಲ್ಲ. ಯಾವ ತಾಕು ಹಸಿದಿದೆ ಅಂತ ನನ್ನ ಬಿಟ್ಟು ಒಂದು ನರಪಿಳ್ಳೆಗೂ ಗೊತ್ತಾಗಬಾರದು."

ತಪ್ಪಿಸಿಕೊಂಡರೆ ಸಾಕಾಗಿದ್ದ ನಿರ್ದೇಶಕರು ಅಲ್ಲೇ ಒಪ್ಪಿಗೆ ಕೊಟ್ಟರು. ಅಂತೂ ಗೆದ್ದೆ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಬೇಲಿಯ ಮೇಲಿಂದ ಚಿಕ್ಕಮ್ಮ ಸಮಾಧಾನ ಹೇಳಿದರು:

"ಗೊತ್ತಾಗದಿದ್ರೆ ಏನಂತೆ ಬಿಡೇ, ಎರಡಕ್ಕೂ ಹಾಕಿದ್ರಾಯ್ತು!"